ಸೇನಾನಿಯೊಬ್ಬರ ಬದುಕನ್ನು ಬರೆಯುವುದು ಹೇಗೆ: ಜನರಲ್ ತಿಮ್ಮಯ್ಯನವರನ್ನು ಮುಂದಿಟ್ಟುಕೊಂಡು ಮಲೆನಾಡಿನ ಬರಹಗಾರರಿಗೊಂದು ಕೈಪಿಡಿ

ಜನವರಿ 15ರ ಸೇನಾ ದಿನ ಹತ್ತಿರವಾದಾಗ ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿಗಳ ಶಾಲಾ ಕಾಲೇಜುಗಳಲ್ಲಿ ಸೇನಾನಿಗಳನ್ನು ಕುರಿತ ಪ್ರಬಂಧ, ಭಾಷಣ, ಭಿತ್ತಿಪತ್ರಿಕೆಗಳ ಸಿದ್ಧತೆ ಶುರುವಾಗುತ್ತದೆ. ಅವುಗಳಲ್ಲಿ ಬಹುಪಾಲು ಒಂದೇ ಅಚ್ಚಿನಲ್ಲಿ ಎರಕವಾದವು. ಇಂಥ ಊರಿನಲ್ಲಿ ಜನನ, ಇಂಥ ಶಾಲೆಯಲ್ಲಿ ವಿದ್ಯಾಭ್ಯಾಸ, ಇಂತಿಂಥ ಪದಕಗಳು, ಇಂಥ ದಿನ ನಿಧನ. ಹೆಸರೊಂದನ್ನು ಬದಲಿಸಿದರೆ ಅದೇ ಪ್ರಬಂಧ ಮತ್ತೊಬ್ಬ ಸೇನಾನಿಗೂ ಹೊಂದುತ್ತದೆ. ಹಾಗಾಗದಂತೆ ಇಪ್ಪತ್ತು ಪುಟಗಳ ಪ್ರಬಂಧವನ್ನೋ ಅರ್ಧ ಗಂಟೆಯ ಉಪನ್ಯಾಸವನ್ನೋ ಕಟ್ಟುವುದು ಹೇಗೆ ಎಂಬುದನ್ನು ಇಲ್ಲಿ ಹೇಳಲು ಹೊರಟಿದ್ದೇನೆ. ನನ್ನ ಸಲಹೆಯ ತಿರುಳು ಇಷ್ಟೇ: ಸೇನಾನಿಯ ವ್ಯಕ್ತಿತ್ವ ಕಾಣುವುದು ಅವರು ಕೈಗೊಂಡ ನಿರ್ಧಾರಗಳಲ್ಲಿ. ಆ ನಿರ್ಧಾರಗಳು ಅರ್ಥವಾಗಬೇಕಾದರೆ ದಾರಿ, ಎತ್ತರ, ಹವಾಮಾನ, ಸಾಗಣೆ ಇವುಗಳ ಲೆಕ್ಕವನ್ನು ಬರೆಯುವವರು ಮೊದಲು ತಾವೇ ಮಾಡಿ ನೋಡಬೇಕು.

ಉದಾಹರಣೆಗೆ ಕೊಡಗಿನವರಾದ, ಮುಂದೆ ಭೂಸೇನೆಯ ಮುಖ್ಯಸ್ಥರಾದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರನ್ನು ಆರಿಸಿಕೊಂಡಿದ್ದೇನೆ. ನಮ್ಮ ಜಿಲ್ಲೆಯವರೇ ಬೇಕೆನ್ನುವವರು ಕೆಳದಿಯ ಶಿವಪ್ಪ ನಾಯಕನನ್ನು ಆರಿಸಿಕೊಳ್ಳಬಹುದು, ಆದರೆ ಆ ಕೆಲಸದ ಬಗೆಯೇ ಬೇರೆ. ಹದಿನೇಳನೆಯ ಶತಮಾನದ ಅರಸನನ್ನು ಕುರಿತು ಬರೆಯುವವರು ಶಾಸನ, ಕಾವ್ಯ ಮತ್ತು ಪೋರ್ಚುಗೀಸರ ದಾಖಲೆಗಳ ನಡುವಿನ ಖಾಲಿ ಜಾಗಗಳನ್ನು ಎಚ್ಚರದಿಂದ ದಾಟಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದ ಜನರಲ್ ಒಬ್ಬರ ವಿಷಯದಲ್ಲಿ ತೊಂದರೆ ತಿರುಗುಮುರುಗು. ಮಾಹಿತಿಯ ರಾಶಿಯೇ ಇರುತ್ತದೆ, ಅದರಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂದು ಬೇರ್ಪಡಿಸುವುದೇ ಮುಖ್ಯ ಕೆಲಸ.

ಮೊದಲು ಕಾಲರೇಖೆ

ಬರೆಯಲು ಕೂರುವ ಮುನ್ನ ಒಂದು ಉದ್ದನೆಯ ಹಾಳೆಯಲ್ಲಿ ಇಸವಿಗಳನ್ನು ಕೆಳಗಿನಿಂದ ಮೇಲಕ್ಕೆ ಬರೆದುಕೊಳ್ಳಿ. ಪ್ರತಿ ಇಸವಿಯ ಎದುರಿಗೆ ಮೂರು ವಿಷಯಗಳಿರಲಿ: ಆಗ ಅವರ ಹುದ್ದೆ ಏನು, ಅವರು ಯಾವ ಸ್ಥಳದಲ್ಲಿದ್ದರು, ಅವರ ಮೇಲಧಿಕಾರಿ ಯಾರು. ಮೂರನೆಯದನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಮುಂದೆ ಎದುರಾಗುವ ತಪ್ಪುಗಳಲ್ಲಿ ಅರ್ಧದಷ್ಟನ್ನು ಹಿಡಿಯುವುದು ಅದೇ.

ತಿಮ್ಮಯ್ಯನವರ ಕಾಲರೇಖೆ ಸ್ಥೂಲವಾಗಿ ಹೀಗೆ ಸಾಗುತ್ತದೆ. ಅವರು 1906ರ ಮಾರ್ಚ್‌ನಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. ಕೂನೂರಿನಲ್ಲಿಯೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಓದಿ, 1922ರಲ್ಲಿ ಡೆಹ್ರಾಡೂನ್‌ನಲ್ಲಿ ಆರಂಭವಾದ ಸೈನಿಕ ಕಾಲೇಜನ್ನು ಅದರ ಮೊದಲ ವರ್ಷಗಳಲ್ಲೇ ಸೇರಿದರು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ಹೋಗಿ 1926ರಲ್ಲಿ ಅಧಿಕಾರಿಯಾದರು, ಕೆಲಕಾಲ ಬ್ರಿಟಿಷ್ ಪದಾತಿ ದಳವೊಂದರಲ್ಲಿದ್ದು ಬಳಿಕ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ನಿಗೆ ಬಂದರು. 1935ರ ಮೇ 31ರಂದು ಕ್ವೆಟ್ಟಾ ನಗರ ಭೂಕಂಪದಲ್ಲಿ ನೆಲಸಮವಾದಾಗ ಅವರೂ ಪತ್ನಿ ನೀನಾ ಅವರೂ ಅಲ್ಲಿಯೇ ಇದ್ದು ಪರಿಹಾರ ಕಾರ್ಯದಲ್ಲಿ ದುಡಿದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ಕರಾವಳಿಯಲ್ಲಿ ಬೆಟಾಲಿಯನ್ ಒಂದನ್ನು ಮುನ್ನಡೆಸಿ, 1945ರಲ್ಲಿ ಬ್ರಿಗೇಡಿಯರ್ ಆದರು. ಆ ಮಹಾಯುದ್ಧದ ರಣರಂಗದಲ್ಲಿ ಬ್ರಿಗೇಡ್ ಒಂದನ್ನು ನಡೆಸಿದ ಏಕೈಕ ಭಾರತೀಯ ಅಧಿಕಾರಿ ಎಂಬ ಮಾತು ಅವರಿಗೆ ಸಲ್ಲುತ್ತದೆ. ಯುದ್ಧಾನಂತರ ಜಪಾನಿನಲ್ಲಿದ್ದ ಭಾರತೀಯ ಪಡೆಯಲ್ಲಿ ಸೇವೆ, ದೇಶವಿಭಜನೆಯ ವೇಳೆ ಪಂಜಾಬ್, 1948ರ ಮೇ ತಿಂಗಳಿನಿಂದ ಕಾಶ್ಮೀರ ಕಣಿವೆಯ ಡಿವಿಜನ್ನಿನ ಹೊಣೆ, 1953ರಲ್ಲಿ ಕೊರಿಯಾ, 1957ರ ಮೇ 8ರಿಂದ 1961ರ ಮೇ 7ರವರೆಗೆ ಭೂಸೇನೆಯ ಮುಖ್ಯಸ್ಥರ ಹುದ್ದೆ, 1964ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ನಾಯಕತ್ವ. 1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲಿಯೇ, ಕರ್ತವ್ಯದಲ್ಲಿರುವಾಗಲೇ ತೀರಿಕೊಂಡರು.

ಈ ರೇಖೆ ಕಣ್ಣೆದುರಿಗಿದ್ದರೆ ವೇದಿಕೆಗಳಲ್ಲಿ ಪದೇ ಪದೇ ಕೇಳಿಬರುವ ಕೆಲವು ಮಾತುಗಳು ತಾವಾಗಿಯೇ ಉದುರಿಹೋಗುತ್ತವೆ. 1948ರ ಕಾಶ್ಮೀರ ಯುದ್ಧದ ಹೊತ್ತಿಗೆ ತಿಮ್ಮಯ್ಯನವರೇ ಸೇನಾ ಮುಖ್ಯಸ್ಥರಾಗಿದ್ದರು, ರಕ್ಷಣಾ ಸಚಿವ ಕೃಷ್ಣ ಮೆನನ್ ಆಗಲೇ ಅವರನ್ನು ಅವಮಾನಿಸಿದರು ಎಂಬ ಕಥೆ ಅಂಥದ್ದು. ಆಗ ಸೇನೆಯ ಮುಖ್ಯಸ್ಥರಾಗಿದ್ದವರು ಬ್ರಿಟಿಷ್ ಅಧಿಕಾರಿ ಜನರಲ್ ರಾಯ್ ಬುಚರ್, ರಕ್ಷಣಾ ಸಚಿವರಾಗಿದ್ದವರು ಸರ್ದಾರ್ ಬಲದೇವ್ ಸಿಂಗ್. ಮೆನನ್ ಆ ಖಾತೆಗೆ ಬಂದದ್ದು 1957ರಲ್ಲಿ. ಇನ್ನೊಂದು, 1962ರ ಚೀನಾ ಯುದ್ಧದ ಸೋಲನ್ನು ತಿಮ್ಮಯ್ಯನವರ ಅವಧಿಗೆ ಸೇರಿಸಿ ಮಾತನಾಡುವುದು. ಅವರು ನಿವೃತ್ತರಾಗಿ ವರ್ಷ ಕಳೆದ ಮೇಲೆ, ಜನರಲ್ ಪಿ.ಎನ್. ಥಾಪರ್ ಮುಖ್ಯಸ್ಥರಾಗಿದ್ದಾಗ ನಡೆದ ಯುದ್ಧವದು.

ಹೆಸರುಗಳ ಗೊಂದಲವೂ ಕಡಿಮೆಯದಲ್ಲ. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ ತಿಮ್ಮಯ್ಯನವರೂ ಇಬ್ಬರೂ ಕೊಡಂದೇರ ಮನೆತನದವರಾದ್ದರಿಂದ ಇಬ್ಬರ ಹೆಸರಿನ ಮುಂದೆಯೂ ‘ಕೆ’ ಇದೆ, ಹಾಗೆಂದು ಅವರು ಅಣ್ಣತಮ್ಮಂದಿರಲ್ಲ. ತಿಮ್ಮಯ್ಯನವರ ಪತ್ನಿಯ ತವರಿನ ಹೆಸರಿನಲ್ಲಿ ಕಾರ್ಯಪ್ಪ ಎಂದಿರುವುದನ್ನು ನೋಡಿ ಅವರನ್ನು ಫೀಲ್ಡ್ ಮಾರ್ಷಲ್ ಅವರ ಮಗಳನ್ನಾಗಿ ಮಾಡಿಬಿಡುವವರೂ ಇದ್ದಾರೆ. ಹೈದರಾಬಾದ್ ರೆಜಿಮೆಂಟ್ ಎಂದೊಡನೆ ನಿಜಾಮರ ಆಳ್ವಿಕೆಯ ಪಡೆ ಎಂದು ಭಾವಿಸುವುದೂ ಸರಿಯಲ್ಲ. ಅದು ಬ್ರಿಟಿಷ್ ಭಾರತೀಯ ಸೇನೆಯ ಅಂಗವಾಗಿದ್ದು 1945ರಲ್ಲಿ ಕುಮಾಊ ರೆಜಿಮೆಂಟ್ ಎಂದು ಮರುನಾಮಕರಣಗೊಂಡಿತು. ‘ಕರ್ನಾಟಕದ ವೀರಪುತ್ರ’ ಎಂದು ಬರೆಯಲು ಅಡ್ಡಿಯೇನಿಲ್ಲ, ಆದರೆ ಅವರು ಹುಟ್ಟಿದಾಗ ಕೊಡಗು ಬ್ರಿಟಿಷರ ನೇರ ಆಡಳಿತದಲ್ಲಿತ್ತು, ಶಿವಮೊಗ್ಗ ಮೈಸೂರು ಅರಸರ ಸಂಸ್ಥಾನದ ಜಿಲ್ಲೆಯಾಗಿತ್ತು, ಎರಡೂ ಒಂದೇ ರಾಜ್ಯದೊಳಗೆ ಬಂದದ್ದು 1956ರ ನವೆಂಬರ್ 1ರಂದು ಎಂಬುದು ನೆನಪಿರಲಿ.

ಹುದ್ದೆ ಮತ್ತು ಪಡೆಗಳ ಅಳತೆ

ಓದುಗರಲ್ಲಿ ಬಹಳ ಜನರಿಗೆ ಬೆಟಾಲಿಯನ್ ಯಾವುದು, ಬ್ರಿಗೇಡ್ ಯಾವುದು ಎಂದು ಗೊತ್ತಿರುವುದಿಲ್ಲ. ಬರೆಯುವವರಿಗೂ ಗೊತ್ತಿಲ್ಲದಿದ್ದರೆ ಪ್ರಬಂಧ ಅಲ್ಲಿಗೇ ಮುಗಿಯಿತು. ತಿಮ್ಮಯ್ಯನವರ ಕಾಲದಲ್ಲಿ ಲೆಫ್ಟಿನೆಂಟ್ ಕರ್ನಲ್ ಒಬ್ಬರ ಕೈಕೆಳಗೆ ಸುಮಾರು ಎಂಟುನೂರು ಜನರ ಬೆಟಾಲಿಯನ್ ಇರುತ್ತಿತ್ತು. ಅಂಥ ಮೂರು ಬೆಟಾಲಿಯನ್‌ಗಳೂ ಜೊತೆಗೆ ಫಿರಂಗಿ, ಎಂಜಿನಿಯರ್ ಮುಂತಾದ ತುಕಡಿಗಳೂ ಸೇರಿ ಬ್ರಿಗೇಡಿಯರ್ ನಡೆಸುವ ಬ್ರಿಗೇಡ್ ಆಗುತ್ತದೆ. ಕೆಲವು ಬ್ರಿಗೇಡ್‌ಗಳು ಸೇರಿ ಮೇಜರ್ ಜನರಲ್ ಅವರ ಡಿವಿಜನ್, ಡಿವಿಜನ್‌ಗಳು ಸೇರಿ ಲೆಫ್ಟಿನೆಂಟ್ ಜನರಲ್ ಅವರ ಕೋರ್. ಇದನ್ನು ಒಂದು ಪ್ಯಾರಾದಲ್ಲಿ, ಕಥನದ ನಡುವೆ, ಓದುಗರಿಗೆ ಅಗತ್ಯವೆನಿಸುವ ಜಾಗದಲ್ಲೇ ಹೇಳಿಬಿಡಿ. ಪ್ರತ್ಯೇಕ ಕೋಷ್ಟಕ ಹಾಕಿದರೆ ಯಾರೂ ಓದುವುದಿಲ್ಲ.

ಘಟನೆ ನಡೆದಾಗ ಅವರಿಗಿದ್ದ ಹುದ್ದೆಯನ್ನೇ ಬಳಸಬೇಕು. 1945ರ ಜನವರಿಯಲ್ಲಿ ಅರಾಕಾನಿನ ಕಂಗಾವ್ ಕಾಳಗದಲ್ಲಿ ಹೋರಾಡಿದವರು ‘ಜನರಲ್ ತಿಮ್ಮಯ್ಯ’ ಅಲ್ಲ, ಬೆಟಾಲಿಯನ್ ನಾಯಕ ಲೆಫ್ಟಿನೆಂಟ್ ಕರ್ನಲ್ ತಿಮ್ಮಯ್ಯ. ಅದೇ ಬ್ರಿಗೇಡಿನ ಇನ್ನೆರಡು ಬೆಟಾಲಿಯನ್‌ಗಳನ್ನು ನಡೆಸುತ್ತಿದ್ದವರೂ ಭಾರತೀಯರೇ, ಎಸ್.ಪಿ.ಪಿ. ಥೋರಾಟ್ ಮತ್ತು ಎಲ್.ಪಿ. ಸೇನ್. ಬ್ರಿಗೇಡಿನ ಮುಖ್ಯಸ್ಥರು ಮಾತ್ರ ಬ್ರಿಟಿಷರು. ಭಾರತೀಯ ಅಧಿಕಾರಿಗಳಿಗೆ ದೊಡ್ಡ ಪಡೆಗಳನ್ನು ನಡೆಸುವ ಸಾಮರ್ಥ್ಯವಿಲ್ಲ ಎಂದು ಹೇಳುತ್ತಿದ್ದವರ ನಡುವೆ ಈ ಮೂವರೂ ಬ್ರಿಟಿಷರ ಡಿ.ಎಸ್.ಒ. (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್) ಪದಕ ಪಡೆದರು ಎಂಬುದು ಪದಕಪಟ್ಟಿಯ ಸಾಲಾಗಿ ಬಂದರೆ ಸಪ್ಪೆ, ಈ ಹಿನ್ನೆಲೆಯೊಂದಿಗೆ ಬಂದರೆ ಓದುಗರ ಮನಸ್ಸಿನಲ್ಲಿ ನಿಲ್ಲುತ್ತದೆ. ಥೋರಾಟರ ಹೆಸರನ್ನು ಕಾಲರೇಖೆಯಲ್ಲಿ ಗುರುತು ಹಾಕಿಟ್ಟುಕೊಳ್ಳಿ, ಅವರು ಮುಂದೆ ಕೊರಿಯಾದಲ್ಲಿ ಮತ್ತೆ ಬರುತ್ತಾರೆ.

ಒಂದು ನಿರ್ಧಾರವನ್ನು ನಡುವೆ ನಿಲ್ಲಿಸುವುದು

ಇಡೀ ಬದುಕನ್ನು ಸಮನಾಗಿ ಹಂಚಿ ಬರೆಯಬೇಡಿ. ಬರಹದ ಮೂರನೆಯ ಒಂದು ಭಾಗವಾದರೂ ಒಂದೇ ನಿರ್ಧಾರಕ್ಕೆ ಮೀಸಲಾಗಿರಲಿ. ತಿಮ್ಮಯ್ಯನವರ ಬದುಕಿನಲ್ಲಿ ಅದು 1948ರ ನವೆಂಬರ್ 1ರ ಜೋಜಿ ಲಾ ಕಣಿವೆಮಾರ್ಗದ ದಾಳಿ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಮೊದಲು ಸಮಸ್ಯೆಯನ್ನು ಓದುಗರ ಮುಂದಿಡಬೇಕು. ಶ್ರೀನಗರದಿಂದ ಸೋನಮಾರ್ಗ್, ಬಲ್ತಾಲ್ ಮೂಲಕ ಏರುವ ದಾರಿ ಜೋಜಿ ಲಾ ದಾಟಿ ದ್ರಾಸ್, ಕಾರ್ಗಿಲ್‌ಗಳ ಮೇಲೆ ಲೇಹ್‌ಗೆ ಹೋಗುತ್ತದೆ. 1948ರ ಬೇಸಿಗೆಯ ಹೊತ್ತಿಗೆ ದ್ರಾಸ್, ಕಾರ್ಗಿಲ್, ಜೋಜಿ ಲಾ ಮೂರೂ ಪಾಕಿಸ್ತಾನದ ಕಡೆಯ ಎದುರಾಳಿಗಳ ವಶವಾಗಿ, ಲೇಹ್ ಪಟ್ಟಣಕ್ಕೆ ನೆಲದ ದಾರಿಯೇ ಕಡಿದುಹೋಗಿತ್ತು. ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವೊಂದನ್ನು ಹಿಮಾಲಯದ ಶಿಖರಗಳ ನಡುವೆ ಹಾರಿಸಿ, ಲೇಹ್‌ನಲ್ಲಿ ತರಾತುರಿಯಲ್ಲಿ ಸಿದ್ಧವಾಗಿದ್ದ ಮರಳುಪಟ್ಟಿಯ ಮೇಲೆ ಇಳಿಸಿದರು. ಆ ವಿಮಾನದಲ್ಲಿ ಮೇಜರ್ ಜನರಲ್ ತಿಮ್ಮಯ್ಯನವರೂ ಕುಳಿತಿದ್ದರು. ಇದನ್ನು ಸಾಹಸವೆಂದಷ್ಟೇ ಬರೆದು ಮುಂದೆ ಹೋಗಬಾರದು. ಹಿಂದೆ ಯಾರೂ ಇಳಿಯದ ನೆಲಕ್ಕೆ ಪೈಲಟ್‌ನನ್ನು ಕಳುಹಿಸುವ ಅಧಿಕಾರಿ ತಾನೂ ಅದೇ ವಿಮಾನ ಹತ್ತಿದ್ದು ಅವರ ನಾಯಕತ್ವದ ರೀತಿಯನ್ನೇ ತೋರಿಸುತ್ತದೆ, ಮತ್ತು ಐದು ತಿಂಗಳ ಬಳಿಕ ಜೋಜಿ ಲಾದಲ್ಲಿ ಅದೇ ರೀತಿ ಮರುಕಳಿಸುತ್ತದೆ. ಇಂಥ ಜೋಡಿ ಘಟನೆಗಳು ಸಿಕ್ಕಾಗ ಅವುಗಳನ್ನು ಬರಹದಲ್ಲಿ ಹತ್ತಿರ ಹತ್ತಿರ ತನ್ನಿ.

ಸೆಪ್ಟೆಂಬರ್‌ನಲ್ಲಿ ಬ್ರಿಗೇಡಿಯರ್ ಕೆ.ಎಲ್. ಅಟಲ್ ಅವರ 77ನೇ ಪ್ಯಾರಾ ಬ್ರಿಗೇಡ್ ಜೋಜಿ ಲಾವನ್ನು ಹಿಡಿಯಲು ಯತ್ನಿಸಿ ಹಿಂದೆ ಸರಿಯಬೇಕಾಯಿತು. ಕಿರಿದಾದ ಕಣಿವೆಯ ಎರಡೂ ಬದಿಯ ಬಂಡೆಗಳಲ್ಲಿ ಅವಿತ ಮೆಷಿನ್‌ಗನ್‌ಗಳ ಎದುರು ಪದಾತಿಗಳು ಮುನ್ನುಗ್ಗುವುದು ಅಸಾಧ್ಯವಾಗಿತ್ತು. ಈ ಸೋಲನ್ನು ಮರೆಮಾಚುವ ಪ್ರಬಂಧಗಳೇ ಹೆಚ್ಚು. ಆದರೆ ಅದನ್ನು ಬಿಟ್ಟರೆ ಮುಂದಿನ ನಿರ್ಧಾರಕ್ಕೆ ಕಾರಣವೇ ಇಲ್ಲದಂತಾಗುತ್ತದೆ. ಚಳಿಗಾಲದ ಹಿಮ ಬೀಳುವುದರೊಳಗೆ ದಾರಿ ತೆರೆಯದಿದ್ದರೆ ಲೇಹ್ ಇನ್ನೊಂದು ಚಳಿಗಾಲವನ್ನು ಒಂಟಿಯಾಗಿ ಕಳೆಯಬೇಕಿತ್ತು. ಆಗ ತಿಮ್ಮಯ್ಯನವರು ಆರಿಸಿಕೊಂಡ ಉಪಾಯ, ಯಾರೂ ನಿರೀಕ್ಷಿಸದ ಎತ್ತರಕ್ಕೆ ಟ್ಯಾಂಕ್‌ಗಳನ್ನು ಏರಿಸುವುದು.

ಇಲ್ಲಿ ಎತ್ತರದ ಲೆಕ್ಕ ಬೇಕು. ಜೋಜಿ ಲಾ ಸಮುದ್ರಮಟ್ಟದಿಂದ ಸುಮಾರು 3,528 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಮಲೆನಾಡಿನ ಓದುಗರಿಗೆ ಇನ್ನೂ ಹತ್ತಿರದ ಹೋಲಿಕೆಯೊಂದನ್ನು ಕೊಡಬಹುದು. ಆಗುಂಬೆ ಘಾಟಿಯ ತಿರುವುಗಳಲ್ಲಿ, ಡಾಂಬರು ಹಾಕಿ ತಡೆಗೋಡೆ ಕಟ್ಟಿದ ರಸ್ತೆಯಲ್ಲೇ, ಮಳೆಗಾಲದಲ್ಲಿ ಭಾರಿ ವಾಹನಗಳನ್ನು ಬಿಡುವುದಿಲ್ಲ. ಗುಡ್ಡ ಜರಿದರೆ ವಾರಗಟ್ಟಲೆ ದಾರಿ ಬಂದ್. ಆ ಘಾಟಿಗಿಂತ ಐದು ಪಟ್ಟು ಎತ್ತರದಲ್ಲಿ, ಹೇಸರಗತ್ತೆಗಳಷ್ಟೇ ನಡೆಯುತ್ತಿದ್ದ ಜಾಡಿನಲ್ಲಿ, ಹಿಮ ಬೀಳುತ್ತಿರುವಾಗ, ಹದಿನಾಲ್ಕು ಟನ್ ಆಸುಪಾಸಿನ ತೂಕದ ಸ್ಟೂವರ್ಟ್ ಟ್ಯಾಂಕನ್ನು ಹತ್ತಿಸುವುದೆಂದರೇನು ಎಂಬುದನ್ನು ಘಾಟಿಯ ಬಸ್ಸಿನಲ್ಲಿ ಒಮ್ಮೆ ಇಳಿದವರೂ ಊಹಿಸಬಲ್ಲರು.

ಟ್ಯಾಂಕ್‌ಗಳು 7ನೇ ಕ್ಯಾವಲ್ರಿಯವು, ಅದರ ನಾಯಕರು ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್. ಸೇನೆಯಲ್ಲಿ ಅವರನ್ನು ‘ಸ್ಪ್ಯಾರೋ’ ಎಂದೇ ಕರೆಯುತ್ತಿದ್ದರು. ಜಮ್ಮುವಿನ ಕಡೆಯಿಂದ ಬನಿಹಾಲ್ ದಾಟಿ ಬರುವಾಗ ಸೇತುವೆಗಳು ಭಾರ ತಾಳಲೆಂದೂ ನೋಡಿದವರಿಗೆ ಇದು ಟ್ಯಾಂಕ್ ಎಂದು ತಿಳಿಯಬಾರದೆಂದೂ ಟ್ಯಾಂಕ್‌ಗಳ ಮೇಲಿನ ಗೋಪುರಗಳನ್ನು ಕಳಚಲಾಗಿತ್ತು, ಸಾಗಣೆ ರಾತ್ರಿಯ ಹೊತ್ತು ನಡೆಯಿತು. ಬಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆಯ ಜಾಡನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ಇಂದಿಗೂ ನೆಲೆಯಿರುವ ಎಂಜಿನಿಯರ್ ಪಡೆಯವರು. ಗುಂಡಿನ ಸುರಿಮಳೆಯ ನಡುವೆ ಬಂಡೆ ಸಿಡಿಸಿ ದಾರಿ ಮಾಡಿದ ಈ ಸೈನಿಕರಿಗೆ ಬರಹದಲ್ಲಿ ಒಂದು ಪೂರ್ತಿ ಪ್ಯಾರಾ ಕೊಡಿ. ಸೇನಾನಿಯ ಹೆಸರನ್ನು ಎತ್ತಿ ಹಿಡಿಯುವ ಉತ್ಸಾಹದಲ್ಲಿ ದಾರಿ ಕಡಿದವರನ್ನು ಮರೆಯುವುದು ಈ ಬಗೆಯ ಬರಹಗಳ ಹಳೆಯ ದೋಷ.

ಅಕ್ಟೋಬರ್‌ನಲ್ಲಿ ನಡೆಯಬೇಕಿದ್ದ ದಾಳಿ ಹಿಮಪಾತದಿಂದ ಮುಂದಕ್ಕೆ ಹೋಯಿತು. ನವೆಂಬರ್ 1ರ ಮಧ್ಯಾಹ್ನ ಟ್ಯಾಂಕ್‌ಗಳು ಮೇಲೇರಿ ಬಂದಾಗ ಬಂಕರ್‌ಗಳಲ್ಲಿದ್ದವರಿಗೆ ಅವುಗಳನ್ನು ಎದುರಿಸುವ ಸಿದ್ಧತೆಯೇ ಇರಲಿಲ್ಲ. ಮುಂಚೂಣಿಯ ಟ್ಯಾಂಕ್‌ನಲ್ಲಿ ಡಿವಿಜನ್ನಿನ ನಾಯಕರೇ ಇದ್ದರು. ಅದೇ ದಿನ ಕಣಿವೆಮಾರ್ಗ ಕೈವಶವಾಯಿತು, ನವೆಂಬರ್ ನಡುವಿನ ಹೊತ್ತಿಗೆ ದ್ರಾಸ್, ತಿಂಗಳು ಮುಗಿಯುವುದರೊಳಗೆ ಕಾರ್ಗಿಲ್ ಮರಳಿ ಬಂದು ಲೇಹ್‌ಗೆ ದಾರಿ ತೆರೆಯಿತು. ಮಾರನೆಯ ವರ್ಷದ ಮೊದಲ ದಿನ ಕದನವಿರಾಮ ಜಾರಿಯಾಯಿತು. ಈ ಎರಡು ದಿನಾಂಕಗಳ ನಡುವೆ ಇದ್ದದ್ದು ಎರಡೇ ತಿಂಗಳು ಎಂದು ಓದುಗರಿಗೆ ತೋರಿಸಿಕೊಡಿ. ದಾಳಿ ವಸಂತಕ್ಕೆ ಮುಂದೂಡಿದ್ದರೆ ಕದನವಿರಾಮದ ರೇಖೆ ಎಲ್ಲಿ ನಿಲ್ಲುತ್ತಿತ್ತು ಎಂಬ ಪ್ರಶ್ನೆಯನ್ನು ಅವರೇ ಕೇಳಿಕೊಳ್ಳುತ್ತಾರೆ. ‘ಶತ್ರುಗಳನ್ನು ಧೂಳೀಪಟ ಮಾಡಿದರು’, ‘ಅಪ್ರತಿಮ ಶೌರ್ಯ ಮೆರೆದರು’ ಎಂಬಂಥ ಸಾಲುಗಳಿಗೆ ಇಲ್ಲಿ ಜಾಗವೂ ಇಲ್ಲ, ಅವಶ್ಯಕತೆಯೂ ಇಲ್ಲ.

ಕೈಯಿಂದಲೇ ಬಿಡಿಸಿದ ಒಂದು ನಕ್ಷೆ ಈ ಭಾಗದ ಜೊತೆಗಿರಬೇಕು. ಶ್ರೀನಗರ, ಸೋನಮಾರ್ಗ್, ಬಲ್ತಾಲ್, ಜೋಜಿ ಲಾ, ದ್ರಾಸ್, ಕಾರ್ಗಿಲ್, ಲೇಹ್ ಇಷ್ಟು ಹೆಸರುಗಳೂ ಒಂದು ಗೆರೆಯೂ ಸಾಕು. ಭಿತ್ತಿಪತ್ರಿಕೆಯಾದರೆ ಅದರ ಕೆಳಗೆ ಎತ್ತರಗಳನ್ನು ತೋರಿಸುವ ಅಡ್ಡಸೀಳು ಚಿತ್ರವನ್ನೂ ಹಾಕಿ, ಒಂದು ತುದಿಯಲ್ಲಿ ಆಗುಂಬೆಯನ್ನೂ ಮುಳ್ಳಯ್ಯನಗಿರಿಯನ್ನೂ ಅದೇ ಅಳತೆಯಲ್ಲಿ ಬರೆಯಿರಿ.

ಮುಜುಗರದ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಈ ವಿಷಯ ಮಾತನಾಡಿದರೆ ಸಭೆಯಲ್ಲಿ ಒಬ್ಬರಾದರೂ ಈಸೂರಿನ ಮಾತೆತ್ತುತ್ತಾರೆ, ಎತ್ತಬೇಕಾದ್ದೂ ಹೌದು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿಯ ಜನ ತಮ್ಮ ಊರು ಸ್ವತಂತ್ರವೆಂದು ಸಾರಿದರು, 1943ರ ಮಾರ್ಚ್‌ನಲ್ಲಿ ಅಲ್ಲಿನ ಐವರನ್ನು ಗಲ್ಲಿಗೇರಿಸಲಾಯಿತು. ಅದೇ ವರ್ಷಗಳಲ್ಲಿ ತಿಮ್ಮಯ್ಯನವರು ಬ್ರಿಟಿಷ್ ದೊರೆಯ ಹೆಸರಿನಲ್ಲಿ ಅಧಿಕಾರಪತ್ರ ಪಡೆದ ಸೇನಾಧಿಕಾರಿ. ಅವರ ಅಣ್ಣ ಪೊನ್ನಪ್ಪನವರೋ ಸುಭಾಷರ ಆಜಾದ್ ಹಿಂದ್ ಫೌಜ್ ಸೇರಿದ್ದರು. ಇದನ್ನು ನುಣುಚಿಕೊಂಡು ಹೋದರೆ ಬರಹ ತೆಳುವಾಗುತ್ತದೆ. ತೀರ್ಪು ಕೊಡಲು ಹೊರಟರೆ ಅದು ಬೇರೆಯೇ ಪ್ರಬಂಧವಾಗುತ್ತದೆ. ಕಿರಿಯ ಅಧಿಕಾರಿಯಾಗಿದ್ದಾಗಲೇ ಈ ಇಕ್ಕಟ್ಟು ತಿಮ್ಮಯ್ಯನವರನ್ನು ಕಾಡಿತ್ತು, ಅಲಹಾಬಾದಿನಲ್ಲಿ ಮೋತಿಲಾಲ್ ನೆಹರೂ ಅವರನ್ನು ಕಂಡು ಸೇನೆ ಬಿಡಬೇಕೇ ಎಂದು ಕೇಳಿದರು, ಮುಂದೆ ಸ್ವತಂತ್ರ ದೇಶಕ್ಕೆ ತರಬೇತಾದ ಅಧಿಕಾರಿಗಳು ಬೇಕಾಗುತ್ತಾರೆ, ಬಿಡಬೇಡ ಎಂಬ ಸಲಹೆ ಸಿಕ್ಕಿತು ಎಂಬ ಪ್ರಸಂಗ ಅವರ ಜೀವನಚರಿತ್ರೆಯ ಮೂಲಕ ಬಂದಿದೆ. ಅದನ್ನು ಬಳಸಿ, ಆದರೆ ‘ಅವರು ಹೇಳಿಕೊಂಡ ಪ್ರಕಾರ’ ಎಂಬ ಮಾತು ಜೊತೆಗಿರಲಿ. ವ್ಯಕ್ತಿಯೊಬ್ಬರು ತಮ್ಮ ಬಗ್ಗೆ ಹೇಳಿಕೊಂಡದ್ದಕ್ಕೂ ಕಚೇರಿಯ ದಾಖಲೆಯಲ್ಲಿರುವುದಕ್ಕೂ ನಡುವೆ ಒಂದು ಗೆರೆ ಇದ್ದೇ ಇರುತ್ತದೆ.

ಎರಡನೆಯ ಪ್ರಶ್ನೆ 1959ರ ರಾಜೀನಾಮೆಯದ್ದು. ಆ ಆಗಸ್ಟ್ ಕೊನೆಯಲ್ಲಿ ಸೇನಾ ಮುಖ್ಯಸ್ಥರು ರಕ್ಷಣಾ ಸಚಿವ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಸಲ್ಲಿಸಿದರು. ಪ್ರಧಾನಿ ನೆಹರೂ ಮನವೊಲಿಸಿದ ಮೇಲೆ ಹಿಂದೆ ಪಡೆದರು. ಸುದ್ದಿ ಪತ್ರಿಕೆಗಳಲ್ಲಿ ಬಂದು, ಸೆಪ್ಟೆಂಬರ್ 2ರಂದು ನೆಹರೂ ಲೋಕಸಭೆಯಲ್ಲಿ ಹೇಳಿಕೆ ಕೊಟ್ಟರು. ಅದರಲ್ಲಿ ಅವರು ಸೇನೆಯ ಮೇಲೆ ಜನಪ್ರತಿನಿಧಿಗಳ ಅಧಿಕಾರವೇ ಅಂತಿಮ ಎಂದು ಸಾರಿದರು, ತಿಮ್ಮಯ್ಯನವರ ನಡೆಯನ್ನು ಒಪ್ಪಲಿಲ್ಲ. ರಾಜೀನಾಮೆ ಕೊಟ್ಟದ್ದು ಸರಿಯೇ, ಹಿಂದೆ ಪಡೆದದ್ದು ಸರಿಯೇ, ಎಂಬ ಎರಡೂ ವಾದಗಳಿಗೆ ಇಂದಿಗೂ ಬೆಂಬಲಿಗರಿದ್ದಾರೆ. ನನ್ನ ಅಭಿಪ್ರಾಯದಲ್ಲಿ, ಹಿಂದೆ ಪಡೆದದ್ದರಿಂದ ಅವರ ಕೈ ಬಲಹೀನವಾಯಿತು, ಮುಂದಿನ ಎರಡು ವರ್ಷ ಅವರ ಮಾತಿಗೆ ಮೊದಲಿನ ತೂಕ ಉಳಿಯಲಿಲ್ಲ. ಇದನ್ನು ಒಪ್ಪದವರು ಬೇರೆ ಬಗೆಯಲ್ಲಿ ಬರೆಯಲಿ, ಆದರೆ ಪ್ರಸಂಗವನ್ನು ‘ಮೆನನ್ ಖಳ, ತಿಮ್ಮಯ್ಯ ನಾಯಕ’ ಎಂಬ ನಾಟಕವಾಗಿ ಮಾಡದೆ, ಲೋಕಸಭೆಯ ಚರ್ಚೆಯ ದಾಖಲೆಯನ್ನು ಮೊದಲು ಓದಲಿ. ಅದು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಯಾರಿಗೂ ಉಚಿತವಾಗಿ ಸಿಗುತ್ತದೆ, ಮೊಬೈಲಿನಲ್ಲೇ ತೆರೆದು ಓದಬಹುದು.

ಇದಕ್ಕೆ ಹೊಂದಿಸಿ ಬರೆಯಬೇಕಾದದ್ದು 1962ರ ಜುಲೈನಲ್ಲಿ, ಯುದ್ಧಕ್ಕೆ ಮೂರು ತಿಂಗಳ ಮೊದಲು, ನಿಯತಕಾಲಿಕವೊಂದಕ್ಕೆ ಅವರು ಬರೆದ ಲೇಖನದ ವಿಷಯ. ಚೀನಾವನ್ನು ಭಾರತ ಒಂಟಿಯಾಗಿ ಬಹಿರಂಗ ಯುದ್ಧದಲ್ಲಿ ಎದುರಿಸುವುದನ್ನು ಸೈನಿಕನಾಗಿ ತಾನು ಕಲ್ಪಿಸಿಕೊಳ್ಳಲಾರೆ, ಆ ಗಡಿಯ ಭದ್ರತೆಯನ್ನು ರಾಜಕಾರಣಿಗಳೂ ರಾಜತಾಂತ್ರಿಕರೂ ನೋಡಿಕೊಳ್ಳಬೇಕು ಎಂಬುದು ಅದರ ಸಾರ. ಜೋಜಿ ಲಾಕ್ಕೆ ಟ್ಯಾಂಕ್ ಹತ್ತಿಸಿದ ಮನುಷ್ಯ ಹೀಗೆ ಬರೆದರು ಎಂಬುದು ಕೆಲವರಿಗೆ ಸರಿಹೊಂದದೆ ಆ ಲೇಖನವನ್ನೇ ಕೈಬಿಡುತ್ತಾರೆ. ನನಗೆ ಕಾಣುವಂತೆ ಎರಡರ ಹಿಂದೆಯೂ ಇರುವುದು ಒಂದೇ ಬಗೆಯ ಲೆಕ್ಕಾಚಾರ. ಎಷ್ಟು ಜನ, ಎಷ್ಟು ಸಾಮಾನು, ಯಾವ ದಾರಿ, ಎಷ್ಟು ದಿನ ಎಂದು ಕೂಡಿ ಕಳೆದು ಮಾತನಾಡುವ ಅಭ್ಯಾಸ ಅದು.

ಕೊರಿಯಾ ಮತ್ತು ಸೈಪ್ರಸ್ ಬಗ್ಗೆ ಶಾಲಾ ಪ್ರಬಂಧದಲ್ಲಿ ಎರಡು ಪುಟ ಸಾಕು. ಕೊರಿಯಾ ಯುದ್ಧ ನಿಂತ ಮೇಲೆ ತಮ್ಮ ದೇಶಕ್ಕೆ ಹಿಂತಿರುಗಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಇಚ್ಛೆಯನ್ನು ತಿಳಿಯಲು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರು, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಸದಸ್ಯರು. ಕೈದಿಗಳ ಕಾವಲಿಗೆ ಹೋದ ಭಾರತೀಯ ಪಡೆಯ ನಾಯಕರೇ ಹಿಂದೆ ಕಂಗಾವ್‌ನಲ್ಲಿದ್ದ ಥೋರಾಟ್. ಎರಡೂ ಬಣಗಳು ಬೈಯುತ್ತಿದ್ದರೂ ಕೆಲಸ ಮುಗಿಸಿ ಬಂದ ತಿಮ್ಮಯ್ಯನವರಿಗೆ 1954ರಲ್ಲಿ ಪದ್ಮಭೂಷಣ ದೊರೆಯಿತು. ಸೈಪ್ರಸ್ ಸರ್ಕಾರ 1966ರಲ್ಲಿ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಅದರ ಚಿತ್ರ ಭಿತ್ತಿಪತ್ರಿಕೆಗೆ ಚೆನ್ನಾಗಿ ಒಪ್ಪುತ್ತದೆ.

ಎಲ್ಲಿ ಹುಡುಕುವುದು, ಯಾರನ್ನು ಕೇಳುವುದು

ಶಿವಮೊಗ್ಗದ ಜಿಲ್ಲಾ ಕೇಂದ್ರ ಗ್ರಂಥಾಲಯದಿಂದ ಆರಂಭಿಸಿ, ಅಲ್ಲಿ ಸಿಗದಿದ್ದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಬಹುದು. ಹೊರಗಿನ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಮುಖ್ಯಸ್ಥರಿಂದ ಒಂದು ಪತ್ರ ಒಯ್ಯುವುದು ಒಳ್ಳೆಯದು. ಕಾಶ್ಮೀರದ 1947–48ರ ಕಾರ್ಯಾಚರಣೆಗಳ ಅಧಿಕೃತ ಇತಿಹಾಸವನ್ನು ರಕ್ಷಣಾ ಸಚಿವಾಲಯ 1987ರಲ್ಲಿ ಪ್ರಕಟಿಸಿದೆ. ಜೋಜಿ ಲಾದ ದಿನಾಂಕಗಳನ್ನು ಅದರೊಂದಿಗೆ ತಾಳೆ ನೋಡದೆ ಅಂತಿಮಗೊಳಿಸಬೇಡಿ. ಬ್ರಿಟಿಷರ ಕಾಲದ ಪದಕ, ಬಡ್ತಿಗಳ ವಿವರಕ್ಕೆ ಬ್ರಿಟಿಷ್ ಸರ್ಕಾರದ ರಾಜಪತ್ರವಾದ ಲಂಡನ್ ಗೆಜೆಟ್‌ನ ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿವೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಫಾರ್ವರ್ಡ್‌ಗಳನ್ನು ಆಧಾರವೆಂದು ಎಣಿಸಬಾರದೆಂದು ಬೇರೆ ಹೇಳಬೇಕಾಗಿಲ್ಲ ಎಂದುಕೊಳ್ಳುತ್ತಿದ್ದೆ, ಈಚಿನ ಪ್ರಬಂಧಗಳನ್ನು ನೋಡಿದರೆ ಹೇಳಲೇಬೇಕಾಗಿದೆ.

ಮಡಿಕೇರಿಗೆ ಹೋಗಿಬರಲು ಸಾಧ್ಯವಾದರೆ ಹೋಗಿಬನ್ನಿ. ತಿಮ್ಮಯ್ಯನವರ ಬಾಲ್ಯದ ಮನೆ ‘ಸನ್ನಿ ಸೈಡ್’ ಹಿಂದೆ ಸಾರಿಗೆ ಇಲಾಖೆಯ ಕಚೇರಿಯಾಗಿತ್ತು. ಅದನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯವಾಗಿಸಿದ್ದು, 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ನಿಮ್ಮ ಕಾಲರೇಖೆಯ ಹಾಳೆಯನ್ನು ಒಯ್ದು, ಪ್ರತಿ ಚಿತ್ರ ಯಾವ ಇಸವಿಯ ಎದುರಿಗೆ ಬರುತ್ತದೆ ಎಂದು ಗುರುತು ಮಾಡಿಕೊಳ್ಳಿ, ಸಮವಸ್ತ್ರದ ಹೆಗಲಪಟ್ಟಿ ನೋಡಿ ಹುದ್ದೆಯನ್ನು ಹೇಳಲು ಅಭ್ಯಾಸ ಮಾಡಿ. ಎಲ್ಲವನ್ನೂ ಮೊಬೈಲಿನಲ್ಲಿ ಸೆರೆಹಿಡಿದು ಅರ್ಧ ಗಂಟೆಯಲ್ಲಿ ಹೊರಬರುವವರಿಗೆ ಆ ಮನೆ ಏನನ್ನೂ ಹೇಳುವುದಿಲ್ಲ.

ತಿಮ್ಮಯ್ಯನವರ ಜೊತೆ ಹೋರಾಡಿದವರು ಈಗ ಸಿಗುವುದಿಲ್ಲ. ಆದರೆ ಲಡಾಖಿನಲ್ಲಿ, ಕಾರ್ಗಿಲ್‌ನಲ್ಲಿ, ಸಿಯಾಚಿನ್‌ನಲ್ಲಿ ಸೇವೆ ಮಾಡಿ ಬಂದ ಮಾಜಿ ಸೈನಿಕರು ಮಲೆನಾಡಿನ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅಡಿಕೆ ತೋಟದ ಕೆಲಸ ಮುಗಿದ ಸಂಜೆ ಹೊತ್ತಿನಲ್ಲಿ ಹೋಗಿ ಕುಳಿತರೆ ಬಿಡುವಾಗಿ ಮಾತನಾಡುತ್ತಾರೆ. ಅವರನ್ನು ‘ನಿಮಗೆ ಹೇಗನ್ನಿಸಿತು’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ‘ಸಾರ್, ಆ ಎತ್ತರದಲ್ಲಿ ಅನ್ನ ಬೇಯಲು ಎಷ್ಟು ಹೊತ್ತು ಹಿಡಿಯುತ್ತಿತ್ತು? ಹಿಮದಲ್ಲಿ ವಾಹನದ ಎಂಜಿನ್ ಹೇಗೆ ಚಾಲೂ ಮಾಡುತ್ತಿದ್ದಿರಿ? ಹೊಸಬರಿಗೆ ಉಸಿರು ಕಟ್ಟಿದರೆ ಏನು ಮಾಡುತ್ತಿದ್ದರು? ಸಾಮಾನು ಮೇಲಕ್ಕೆ ಯಾರು ಹೊರುತ್ತಿದ್ದರು?’ ಎಂದು ಕೇಳಿ. ಈ ಉತ್ತರಗಳಿಂದ ಜೋಜಿ ಲಾದ ನಿಮ್ಮ ಪ್ಯಾರಾ ಗಟ್ಟಿಯಾಗುತ್ತದೆ. ಹೆಸರು ಬಳಸುವುದಿದ್ದರೆ ಅನುಮತಿ ಪಡೆಯಿರಿ. ಅವರು ಹೇಳಿದ್ದನ್ನು 1948ರ ಬಾಯಿಗೆ ತುರುಕದೆ, ಅವರ ಕಾಲದ ಅನುಭವವೆಂದೇ ಬರೆಯಿರಿ. ಬರಹ ಮುಗಿದ ಮೇಲೆ ಅವರಲ್ಲೇ ಒಬ್ಬರಿಗೆ ಓದಿ ಹೇಳಿದರೆ ಹುದ್ದೆ, ಪಡೆಗಳ ಹೆಸರಿನ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಉಪನ್ಯಾಸಕ್ಕೆ ಸಿದ್ಧವಾಗುವವರು ಅರ್ಧ ಗಂಟೆಯಲ್ಲಿ ಹನ್ನೆರಡು ನಿಮಿಷವನ್ನು ಜೋಜಿ ಲಾಕ್ಕೆ, ಆರೇಳು ನಿಮಿಷವನ್ನು ರಾಜೀನಾಮೆಗೆ ಕೊಟ್ಟು, ಬಾಲ್ಯ ವಿದ್ಯಾಭ್ಯಾಸಗಳನ್ನು ಮೂರು ನಿಮಿಷದಲ್ಲಿ ದಾಟಿಬಿಡಿ. ಜನನದಿಂದ ಆರಂಭಿಸದೆ ಲೇಹ್‌ನ ವಿಮಾನದಿಂದ ಆರಂಭಿಸಿದರೆ ಹಿಂದಿನ ಸಾಲಿನ ಮಕ್ಕಳೂ ತಲೆ ಎತ್ತುತ್ತಾರೆ.

ತಿಮ್ಮಯ್ಯನವರ ಬದಲು ಕಾರ್ಯಪ್ಪನವರನ್ನು ಆರಿಸಿಕೊಳ್ಳುವವರಿಗೂ ಕ್ರಮ ಇದೇ, ಎಚ್ಚರದ ಜಾಗಗಳು ಮಾತ್ರ ಬೇರೆ. ಅವರ ಜನ್ಮವರ್ಷ 1899 ಎಂದೂ 1900 ಎಂದೂ ಎರಡು ಬಗೆಯಲ್ಲಿ ಅಚ್ಚಾಗಿದೆ, ಒಂದನ್ನು ಆರಿಸಿಕೊಂಡು ಕಾರಣ ಹೇಳಿ. ಅವರು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದದ್ದು 1949ರ ಜನವರಿ 15ರಂದು, ಸೇನಾ ದಿನ ಆ ದಿನಕ್ಕೆ ಬಂದದ್ದೂ ಅದರಿಂದಲೇ. ಫೀಲ್ಡ್ ಮಾರ್ಷಲ್ ಪದವಿ ಸಿಕ್ಕಿದ್ದು ನಿವೃತ್ತರಾಗಿ ಮೂವತ್ತಮೂರು ವರ್ಷಗಳಾದ ಮೇಲೆ, 1986ರಲ್ಲಿ. ಆದ್ದರಿಂದ ಕಾಶ್ಮೀರ ಯುದ್ಧದ ಪುಟಗಳಲ್ಲಿ ಅವರನ್ನು ಫೀಲ್ಡ್ ಮಾರ್ಷಲ್ ಎನ್ನಬಾರದು, ಆಗ ಅವರು ಪಶ್ಚಿಮದ ಕಮಾಂಡಿನ ಲೆಫ್ಟಿನೆಂಟ್ ಜನರಲ್, ಅಂದರೆ ಜೋಜಿ ಲಾದ ಹೊತ್ತಿಗೆ ತಿಮ್ಮಯ್ಯನವರ ಮೇಲಿನ ಹಂತದ ಅಧಿಕಾರಿ. 1965ರ ಯುದ್ಧದಲ್ಲಿ ಪಾಕಿಸ್ತಾನಕ್ಕೆ ಸೆರೆಸಿಕ್ಕ ಮಗನ ಬಿಡುಗಡೆಯ ಬಗ್ಗೆ ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಅವರಿಗೆ ಕಾರ್ಯಪ್ಪನವರು ಕೊಟ್ಟರೆನ್ನುವ ಉತ್ತರ ಹತ್ತಾರು ರೂಪಗಳಲ್ಲಿ ಹರಿದಾಡುತ್ತಿದೆ. ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕದೆ, ತಾತ್ಪರ್ಯವನ್ನಷ್ಟೇ ಬರೆಯಿರಿ.